ವೇಗದ ಕಾರಿನ ಪರೀಕ್ಷೆ ಸಾರ್ವಜನಿಕ ರಸ್ತೆಯಲ್ಲಿ ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಹನ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಸ್ಪೋರ್ಟ್ಸ್ ಕಾರೊಂದರ ವಿಮರ್ಶೆಯನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಲೇಖನದ ಭಾಷೆ ಸೊಗಸಾಗಿತ್ತು. ಕಾರಿನ ಬಗ್ಗೆ ಬರೆದವರಿಗಿರುವ ಪ್ರೀತಿಯೂ ನಿಜವಾದದ್ದೇ. ಆದರೆ ಲೇಖನದ ಜೊತೆ ಅಚ್ಚಾದ ಚಿತ್ರ ನನ್ನನ್ನು ಎರಡು ದಿನ ಕಾಡಿತು. ಸ್ಪೀಡೋಮೀಟರಿನ ಮುಳ್ಳು 240ರ ಮೇಲೆ ನಿಂತಿದೆ. ಮುಂಗಾಜಿನಾಚೆ ಮಸುಕಾಗಿ ಕಾಣುತ್ತಿರುವುದು ಎರಡೂ ದಿಕ್ಕಿನ ವಾಹನಗಳು ಓಡಾಡುವ, ನಡುವೆ ಒಂದು ಬಿಳಿ ಗೆರೆಯಷ್ಟೇ ಇರುವ ಸಾಮಾನ್ಯ ರಸ್ತೆ. ಚಿತ್ರದ ಕೆಳಗೆ, ಈ ವೇಗದಲ್ಲಿಯೂ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡಿತು ಎಂಬ ಮೆಚ್ಚುಗೆಯ ಸಾಲು.

ನಾನು ವೇಗವನ್ನು ದ್ವೇಷಿಸುವವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಲವಾರು ವರ್ಷಗಳಿಂದ ರೇಸ್ ಟ್ರ್ಯಾಕಿನಲ್ಲಿ, ಸ್ವಂತ ಕಾರು ತರುವ ಹೊಸಬರ ಪಕ್ಕದ ಸೀಟಿನಲ್ಲಿ ಕುಳಿತು ಅವರಿಗೆ ಓಡಿಸುವುದನ್ನು ಹೇಳಿಕೊಡುತ್ತಾ ಬಂದಿದ್ದೇನೆ. ಒಳ್ಳೆಯ ಎಂಜಿನ್ ನಿಮಿಷಕ್ಕೆ ಏಳು ಸಾವಿರ ಸುತ್ತು ದಾಟುವಾಗ ಹೊರಡಿಸುವ ದನಿಯನ್ನು ಕೇಳಿದರೆ ಈ ವಯಸ್ಸಿನಲ್ಲೂ ನನಗೆ ಮೈ ನವಿರೇಳುತ್ತದೆ. ಅಂಥ ಕಾರನ್ನು ಅದರ ಪೂರ್ಣ ಶಕ್ತಿಯಲ್ಲಿ ಓಡಿಸುವ ಆಸೆಯಲ್ಲಿ ತಪ್ಪೇನೂ ಇಲ್ಲ. ಆ ಆಸೆಯನ್ನು ತೀರಿಸಿಕೊಳ್ಳುವ ಜಾಗ ಯಾವುದು ಎಂಬುದರ ಬಗ್ಗೆ ಮಾತ್ರ ನನ್ನ ತಕರಾರು. ಮತ್ತು ಆ ಜಾಗದ ವಿಷಯದಲ್ಲಿ ಪತ್ರಿಕೆ ಓದುಗರನ್ನು ದಾರಿ ತಪ್ಪಿಸಬಾರದು ಎಂಬುದು ನನ್ನ ಕೋರಿಕೆ.

ಮೊದಲಿಗೆ ಆ ಚಿತ್ರದ ಲೆಕ್ಕವನ್ನೇ ನೋಡೋಣ. ಗಂಟೆಗೆ 240 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 67 ಮೀಟರ್. ಎದುರಿಗೆ ಏನೋ ಅಡ್ಡ ಬಂದಿದೆ ಎಂದು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಹೋಗುವುದಕ್ಕೆ ಎಚ್ಚರವಾಗಿರುವ ಚಾಲಕನಿಗೂ ಒಂದು ಸೆಕೆಂಡಾದರೂ ಬೇಕು. ಆ ಒಂದು ಸೆಕೆಂಡಿನಲ್ಲಿ, ಬ್ರೇಕ್ ಇನ್ನೂ ಹಿಡಿಯುವ ಮೊದಲೇ, ಕಾರು 67 ಮೀಟರ್ ಮುಂದೆ ಹೋಗಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಒಳ್ಳೆಯ ಟೈರಿನ ಮೇಲೆ, ಕಾರಿನ ತೂಕಕ್ಕೇ ಸಮನಾದ ಬಲದಿಂದ ಬ್ರೇಕ್ ಹಿಡಿಯಿತೆಂದೇ ಇಟ್ಟುಕೊಂಡರೂ ಆಮೇಲೆ ನಿಲ್ಲುವುದಕ್ಕೆ ಇನ್ನೂ ಸುಮಾರು 227 ಮೀಟರ್ ಬೇಕು. ಇದೇ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ, ಆ ಒಂದು ಸೆಕೆಂಡಿನ ಓಟವನ್ನೂ ಸೇರಿಸಿ ಒಟ್ಟು 67 ಮೀಟರಿನಲ್ಲಿ ಪೂರ್ತಿ ನಿಂತಿರುತ್ತದೆ. ಎಂದರೆ, ನೂರರ ವೇಗದಲ್ಲಿರುವ ಕಾರು ಎಲ್ಲಿ ನಿಂತುಬಿಡುತ್ತದೆಯೋ ಅಲ್ಲಿಗೆ ಬರುವಾಗ 240ರ ಕಾರು ಬ್ರೇಕ್ ಹಿಡಿಯಲು ಈಗಷ್ಟೇ ಆರಂಭಿಸಿರುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ; ಆದರೆ ಅದು ಕಾಲಿನ ಕೆಳಗೆ ಹೇಗಿರುತ್ತದೆ ಎಂಬುದು ಓಡಿಸಿದವರಿಗಷ್ಟೇ ಗೊತ್ತು. ಒಂದು ಏರು, ಒಂದು ತಿರುವು, ರಸ್ತೆ ಬದಿಯಿಂದ ನಿಧಾನವಾಗಿ ಒಳಬರುತ್ತಿರುವ ಒಂದು ಬೈಕು, ಇವುಗಳಲ್ಲಿ ಯಾವುದೇ ಒಂದು 290 ಮೀಟರಿನೊಳಗೆ ಎದುರಾದರೂ ಆ ಕಾರಿನ ಎಷ್ಟು ದುಬಾರಿ ಬ್ರೇಕೂ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಕಾರು ನೆಲಕ್ಕೆ ಅಂಟಿಕೊಂಡು ಓಡಿತು ಎನ್ನುವುದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ಈ ಪಾಠವನ್ನು ಮೋಟಾರು ಕ್ರೀಡೆ ಬಹಳ ಹಿಂದೆಯೇ, ಬಹಳ ದುಬಾರಿಯಾಗಿ ಕಲಿತಿದೆ. ಮೊದಲ ರೇಸುಗಳೆಲ್ಲ ಊರಿಂದ ಊರಿಗೆ, ಜನ ನಡೆದಾಡುವ ರಸ್ತೆಗಳಲ್ಲೇ ನಡೆಯುತ್ತಿದ್ದವು. 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟದಲ್ಲಿ ಸ್ಪರ್ಧಿಗಳೂ ನೋಡಲು ಬಂದವರೂ ಒಬ್ಬರ ಹಿಂದೊಬ್ಬರು ಸತ್ತದ್ದರಿಂದ ಓಟವನ್ನು ಫ್ರಾನ್ಸಿನ ಬೋರ್ಡೋದಲ್ಲಿಯೇ ನಿಲ್ಲಿಸಬೇಕಾಯಿತು. ಸತ್ತವರಲ್ಲಿ ರೆನೋ ಕಾರು ಕಂಪನಿ ಸ್ಥಾಪಿಸಿದ ಸಹೋದರರ ಪೈಕಿ ಮಾರ್ಸೆಲ್ ರೆನೋ ಕೂಡ ಒಬ್ಬರು. ಬ್ರಿಟನ್ನಿನಲ್ಲಿ ಅದೇ ವರ್ಷದ ಕಾನೂನು ರಸ್ತೆಯ ವೇಗವನ್ನು ಗಂಟೆಗೆ 20 ಮೈಲಿಗೆ, ಅಂದರೆ ಸುಮಾರು 32 ಕಿ.ಮೀ.ಗೆ ಮಿತಿಗೊಳಿಸಿತು. ವೇಗದ ಕಾರುಗಳನ್ನು ಓಡಿಸಿ ನೋಡಲು ರಸ್ತೆಯಿಂದ ಬೇರೆಯಾದ ಜಾಗವೊಂದು ಬೇಕೆಂದು 1907ರಲ್ಲಿ ಅಲ್ಲೇ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್ ಹುಟ್ಟಿಕೊಂಡಿತು. ಟ್ರ್ಯಾಕ್ ಎಂಬ ಕಲ್ಪನೆ ಹುಟ್ಟಿದ್ದೇ ರಸ್ತೆ ಇದಕ್ಕೆ ತಕ್ಕ ಜಾಗವಲ್ಲ ಎಂಬ ತಿಳಿವಳಿಕೆಯಿಂದ ಎಂಬುದನ್ನು ನಾವು ಮರೆಯುತ್ತಿದ್ದೇವೆ.

ಆದರೂ ರಸ್ತೆ ಓಟಗಳು ಪೂರ್ತಿ ನಿಲ್ಲಲಿಲ್ಲ. ಇಟಲಿಯ ಮಿಲ್ಲೆ ಮಿಲ್ಯಾ ಸುಮಾರು ಸಾವಿರ ಮೈಲಿಯ, ಊರುಗಳ ನಡುವೆಯೇ ಹಾದುಹೋಗುವ ಓಟ. 1957ರ ಮೇ 12ರಂದು ಆಲ್ಫೋನ್ಸೊ ದೆ ಪೊರ್ತಾಗೊ ಓಡಿಸುತ್ತಿದ್ದ ಫೆರಾರಿ, ನೇರ ರಸ್ತೆಯಲ್ಲಿ ಭಾರಿ ವೇಗದಲ್ಲಿ ಹೋಗುತ್ತಿದ್ದಾಗ ಟೈರು ಒಡೆದು ಜನರ ಮೇಲೆ ನುಗ್ಗಿತು. ಅವರೂ ಅವರ ಸಹಚಾಲಕರೂ ಅಲ್ಲದೆ, ರಸ್ತೆ ಬದಿಯಲ್ಲಿ ನಿಂತಿದ್ದ 9 ಜನ ಸತ್ತರು. ಅವರಲ್ಲಿ 5 ಮಕ್ಕಳು. ವೇಗದ ಸ್ಪರ್ಧೆಯಾಗಿ ಮಿಲ್ಲೆ ಮಿಲ್ಯಾ ಅಲ್ಲಿಗೇ ಮುಗಿಯಿತು. ಪೊರ್ತಾಗೊ ಹವ್ಯಾಸಿ ಚಾಲಕರಲ್ಲ, ಆ ಕಾಲದ ಗ್ರ್ಯಾನ್ ಪ್ರಿ ಚಾಲಕರು. ಅಂದು ಸೋತದ್ದು ಅವರ ಕೈಚಳಕವಲ್ಲ, ಟೈರು. ರಸ್ತೆಯಲ್ಲಿ ಟೈರು ಸೋತಾಗ ಕಾರು ಹೋಗಿ ನಿಲ್ಲಲು ಜನರಿಲ್ಲದ ಜಾಗವೇ ಇರಲಿಲ್ಲ.

ಹಾಗೆಂದು ಟ್ರ್ಯಾಕ್ ಎಂದರೆ ಅದೊಂದೇ ಕಾರಣಕ್ಕೆ ಸುರಕ್ಷಿತ ಎಂದೂ ನಾನು ಹೇಳಲಾರೆ. 1966ರಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ, ಆಗ ಸಾರ್ವಜನಿಕ ರಸ್ತೆಗಳನ್ನೇ ಜೋಡಿಸಿ ಮಾಡಿದ್ದ ಸುಮಾರು 14 ಕಿ.ಮೀ. ಉದ್ದದ ಸುತ್ತಿನಲ್ಲಿ, ಮೊದಲ ಲ್ಯಾಪಿನಲ್ಲೇ, ಎಂದರೆ ಅದನ್ನು ಮೊದಲ ಸಲ ಸುತ್ತುವಾಗಲೇ, ಮಳೆಗೆ ಸಿಕ್ಕಿ ರೇಸ್ ಚಾಲಕ ಜಾಕಿ ಸ್ಟೂವರ್ಟ್ ಅವರ ಕಾರು ರಸ್ತೆ ಬಿಟ್ಟು ಹೋಯಿತು. ಸೋರಿದ ಪೆಟ್ರೋಲಿನಲ್ಲಿ ಮೈ ನೆನೆದು, ಜಜ್ಜಿದ ಕಾರಿನೊಳಗೆ ಅವರು ಸುಮಾರು 25 ನಿಮಿಷ ಸಿಕ್ಕಿಕೊಂಡಿದ್ದರು. ಅವರನ್ನು ಬಿಡಿಸಿದ್ದು ಜೊತೆಯ ಚಾಲಕರು, ಅದೂ ನೋಡಲು ಬಂದಿದ್ದವರೊಬ್ಬರಿಂದ ಎರವಲು ಪಡೆದ ಸ್ಪ್ಯಾನರಿನಿಂದ. ಮೂರು ಬಾರಿ ವಿಶ್ವ ಚಾಂಪಿಯನ್ ಆದ ಸ್ಟೂವರ್ಟ್ ಆ ಬಳಿಕ ತಡೆಬೇಲಿ, ವೈದ್ಯರು, ಬೆಂಕಿ ಆರಿಸುವ ತಂಡ, ಸೀಟ್ ಬೆಲ್ಟ್ ಇವೆಲ್ಲಕ್ಕಾಗಿ ಹಟ ಹಿಡಿದು ಹೋರಾಡಿದರು. ಅದಕ್ಕಾಗಿ ಅಂಜುಬುರುಕ ಎಂಬ ಮಾತನ್ನೂ ಕೇಳಿಸಿಕೊಂಡರು. ಇಂದಿನ ಟ್ರ್ಯಾಕಿನಲ್ಲಿ ತಿರುವಿನ ಹೊರಗೆ ಕಾಣುವ ಖಾಲಿ ಬಯಲು, ಜಲ್ಲಿಯ ಹಾಸು, ಟೈರುಗಳ ಗೋಡೆ, ಬಾವುಟ ಹಿಡಿದು ನಿಂತ ಮಾರ್ಷಲ್, ಸದ್ದಿಲ್ಲದೆ ಕಾದಿರುವ ಆಂಬುಲೆನ್ಸ್ ಇವೆಲ್ಲ ಇಂಥವರ ಹಟದಿಂದ ಬಂದವು. ತಪ್ಪು ಮಾಡಿದವನಿಗೆ ಜೀವ ಸಹಿತ ಮನೆಗೆ ಹೋಗುವ ಅವಕಾಶ ಅವುಗಳಿಂದ ದೊರೆಯುತ್ತದೆ. ಕಲಿಕೆ ನಡೆಯುವುದು ತಪ್ಪುಗಳ ಮೂಲಕವೇ ಆದ್ದರಿಂದ, ತಪ್ಪಿಗೆ ಎಡೆಯಿರುವ ಜಾಗದಲ್ಲಿ ಮಾತ್ರ ಕಾರಿನ ಮಿತಿಯನ್ನು ಕಲಿಯಲು ಸಾಧ್ಯ.

ಆ ಕಲಿಕೆ ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸುತ್ತದೆ, ಏಕೆಂದರೆ ತಮ್ಮ ಲೇಖನದಲ್ಲಿ ಬಿಟ್ಟುಹೋದದ್ದು ಅದೇ. ಎಷ್ಟೇ ಶಕ್ತಿಶಾಲಿ ಕಾರಾದರೂ ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಅಂಗೈಯಗಲದ ನಾಲ್ಕು ಜಾಗಗಳಲ್ಲಿ ಮಾತ್ರ. ಅಲ್ಲಿರುವ ಹಿಡಿತ ಒಂದೇ ಗಂಟಿನಲ್ಲಿರುವ ಹಣದಂತೆ. ಬ್ರೇಕಿಗೆ, ತಿರುವಿಗೆ, ವೇಗ ಏರಿಸುವುದಕ್ಕೆ, ಎಲ್ಲಕ್ಕೂ ಅದರಿಂದಲೇ ಖರ್ಚಾಗಬೇಕು. ಪೂರ್ತಿ ಬ್ರೇಕಿಗೇ ಖರ್ಚು ಮಾಡಿದವನು ಸ್ಟೀರಿಂಗ್ ತಿರುಗಿಸಿದರೆ ಕಾರು ತಿರುಗುವುದಿಲ್ಲ, ಮೂತಿ ನೇರವಾಗಿಯೇ ಜಾರುತ್ತದೆ. ತಿರುವಿನ ನಡುವೆ ಹಿಡಿತವೆಲ್ಲ ಖರ್ಚಾಗಿರುವಾಗ ಆಕ್ಸಿಲರೇಟರ್ ಒತ್ತಿದರೆ, ಹಿಂದಿನ ಚಕ್ರಗಳಿಂದ ಓಡುವ ಕಾರಿನ ಹಿಂಭಾಗ ಸುತ್ತಿಕೊಂಡು ಬರುತ್ತದೆ. ನೇರದಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದು, ತಿರುವಿಗೆ ಬಾಗುತ್ತಾ ಬಂದಂತೆ ಅದನ್ನು ಹದವಾಗಿ ಸಡಿಲಿಸುತ್ತಾ, ಅಪೆಕ್ಸ್, ಅಂದರೆ ಕಾರು ತಿರುವಿನ ಒಳ ಅಂಚಿಗೆ ಅತಿ ಹತ್ತಿರ ಬರುವ ಜಾಗ, ದಾಟಿ ಸ್ಟೀರಿಂಗ್ ಬಿಚ್ಚಿಕೊಂಡಷ್ಟೇ ಆಕ್ಸಿಲರೇಟರ್ ಕೊಡುವುದು ಈ ವಿದ್ಯೆಯ ಮುಕ್ಕಾಲು ಪಾಲು. ಕೇಳಲು ಎರಡು ಸಾಲಿನ ಮಾತು. ಕಾಲಿಗೆ ಆ ಹದ ಕೂಡಿಬರಲು ಅದೇ ತಿರುವನ್ನು ನೂರಾರು ಸಲ ಹಾದುಹೋಗಬೇಕು. ರಸ್ತೆಯ ತಿರುವಿಗೆ ಒಂದೇ ಸಲ ಹೋಗುತ್ತೇವೆ. ಅದರಾಚೆ ಮರಳು ಚೆಲ್ಲಿದೆಯೋ, ಡೀಸೆಲ್ ಸೋರಿದೆಯೋ, ಕೆಟ್ಟು ನಿಂತ ಲಾರಿಯಿದೆಯೋ ತಿಳಿಯುವುದೇ ಇಲ್ಲ.

ಕೆಲವು ತಿಂಗಳ ಹಿಂದೆ ಒಬ್ಬ ಯುವಕ ತನ್ನ ಹೊಸ ಕಾರಿನೊಂದಿಗೆ ಬಂದಿದ್ದ. ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇರುವ ಕಾರು ಅದು. ಪೋರ್ಷೆ 911 ಎಂಬ ಕಾರು 1963ರಲ್ಲಿ ಮೊದಲು ಕಾಣಿಸಿಕೊಂಡಾಗಿನಿಂದ ಇಂದಿನವರೆಗೂ ಈ ವಿನ್ಯಾಸವನ್ನು ಉಳಿಸಿಕೊಂಡು ಬಂದಿದೆ. ತಿರುವಿನ ನಡುವೆ ಭಯಪಟ್ಟು ಆಕ್ಸಿಲರೇಟರ್ ಬಿಟ್ಟರೆ ಭಾರವೆಲ್ಲ ಮುಂದಕ್ಕೆ ವಾಲಿ, ಹಗುರಾದ ಹಿಂಭಾಗ ಲೋಲಕದಂತೆ ಹೊರಕ್ಕೆ ಬೀಸುವುದು ಅದರ ಹಳೆಯ ಮಾದರಿಗಳ, ಅದರಲ್ಲೂ 1975ರ ಟರ್ಬೊ ಮಾದರಿಯ, ಕುಖ್ಯಾತ ಗುಣ. ಹೊಸ ಕಾರುಗಳಲ್ಲಿ ಅಗಲವಾದ ಟೈರು, ಸುಧಾರಿಸಿದ ಸಸ್ಪೆನ್ಷನ್, ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ಎಲ್ಲ ಇರುವುದರಿಂದ ಆ ಗುಣ ಬಹಳ ಮಟ್ಟಿಗೆ ಅಡಗಿದೆ. ಯುವಕ ಮೊದಲ ನಾಲ್ಕು ಲ್ಯಾಪುಗಳನ್ನು ಚೆನ್ನಾಗಿಯೇ ಓಡಿಸಿದ. ಐದನೆಯದರಲ್ಲಿ, ನನ್ನನ್ನು ಕೇಳದೆ, ಬಟನ್ ಒತ್ತಿ ಆ ನಿಯಂತ್ರಣವನ್ನು ಬಂದ್ ಮಾಡಿದ್ದನ್ನು ನಾನು ಡ್ಯಾಷ್‌ಬೋರ್ಡಿನಲ್ಲಿ ಹತ್ತಿದ ಹಳದಿ ದೀಪ ನೋಡಿದ ಮೇಲೆಯೇ ತಿಳಿದೆ. ನಿಧಾನಿಸಲು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬಲಗಡೆಯ ಉದ್ದನೆಯ ತಿರುವು ಬಂದಿತ್ತು. ನಡುವೆ ಅವನ ಕಾಲು ತಟಕ್ಕನೆ ಮೇಲೆದ್ದಿತು. ಆಮೇಲೆ ಎಂಜಿನ್ನಿನ ದನಿ ಕೇಳಿಸಲಿಲ್ಲ, ಟೈರುಗಳ ಚೀರಾಟವಷ್ಟೇ ಕೇಳಿತು. ಮುಂಗಾಜಿನಲ್ಲಿ ಟ್ರ್ಯಾಕ್, ಹುಲ್ಲು, ನಾವು ಬಂದ ದಾರಿ, ಮತ್ತೆ ಹುಲ್ಲು ಒಂದರ ಹಿಂದೊಂದು ತಿರುಗಿದವು. ಎರಡು ಸುತ್ತು ಸುತ್ತಿ ಜಲ್ಲಿಯಲ್ಲಿ ನಿಂತೆವು. ಧೂಳು ಇಳಿಯುವವರೆಗೂ ಅವನು ಸ್ಟೀರಿಂಗನ್ನು ಬಿಡಲಿಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅಷ್ಟರಲ್ಲಿ ಮಾರ್ಷಲ್ ಹಳದಿ ಬಾವುಟ ಬೀಸಿ ಹಿಂದಿನವರನ್ನು ಎಚ್ಚರಿಸಿಯಾಗಿತ್ತು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆ ತಿರುವಿನ ಹೊರಗಿದ್ದ ಖಾಲಿ ಬಯಲಿನಗಲದಲ್ಲಿ ರಸ್ತೆಯ ಬದಿಯಾಗಿದ್ದರೆ ಏನೇನು ಇರುತ್ತಿತ್ತು ಎಂದು ಅವನಿಗೆ ನಾನು ವಿವರಿಸಲು ಹೋಗಲಿಲ್ಲ. ಅವನೇ ಬಹಳ ಹೊತ್ತು ಆ ಬಯಲನ್ನೇ ನೋಡುತ್ತಾ ಕುಳಿತಿದ್ದ.

ಈ ಎಲೆಕ್ಟ್ರಾನಿಕ್ ಸಹಾಯಗಳ ಬಗ್ಗೆ ಒಂದು ಮಾತು. ಗಾಲಿ ಕಚ್ಚಿಕೊಳ್ಳದಂತೆ ತಡೆಯುವ, ಇಂದು ಬಳಕೆಯಲ್ಲಿರುವ ಬಗೆಯ ಎಬಿಎಸ್ 1978ರಲ್ಲಿ, ಕಾರು ಅಡ್ಡ ಜಾರದಂತೆ ಒಂದೊಂದು ಚಕ್ರದ ಬ್ರೇಕನ್ನು ತಾನೇ ಹಿಡಿಯುವ ಸ್ಥಿರತಾ ನಿಯಂತ್ರಣವಾದ ಇಎಸ್‌ಪಿ 1995ರಲ್ಲಿ ಮಾರಾಟದ ಕಾರುಗಳಿಗೆ ಬಂದವು. ಎರಡೂ ಅಸಂಖ್ಯ ಜೀವಗಳನ್ನು ಉಳಿಸಿವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವು ಟೈರಿನ ಹಿಡಿತವನ್ನು ಹೆಚ್ಚಿಸುವುದಿಲ್ಲ. ಇರುವ ಹಿಡಿತವನ್ನು ಜಾಣತನದಿಂದ ಹಂಚುತ್ತವೆ, ಅಷ್ಟೇ. ಹಿಡಿತವೇ ಮುಗಿದ ಮೇಲೆ ಹಂಚಲು ಏನೂ ಉಳಿಯುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅವುಗಳನ್ನು ಬಂದ್ ಮಾಡಿ ಓಡಿಸುವುದು ಸಾಹಸವೆಂದು ಬಿಂಬಿಸುವ ಬರವಣಿಗೆಯನ್ನು ಯಾವ ಪತ್ರಿಕೆಯೂ ಅಚ್ಚು ಹಾಕಬಾರದು.

ಬ್ರೇಕಿನ ವಿಷಯಕ್ಕೆ ಬಂದರೆ, ಅಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬ್ರೇಕ್ ಎಂದರೆ ಓಟದ ಶಕ್ತಿಯನ್ನು ಬಿಸಿಯನ್ನಾಗಿ ಮಾಡುವ ಯಂತ್ರ. 1500 ಕಿಲೋ ತೂಕದ ಕಾರನ್ನು ಗಂಟೆಗೆ 200 ಕಿ.ಮೀ. ವೇಗದಿಂದ 80ಕ್ಕೆ ಇಳಿಸುವಾಗ ಹುಟ್ಟುವ ಬಿಸಿ, ಸುಮಾರು ಆರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟಿರುತ್ತದೆ. ಗಟ್ಟಿಯಾಗಿ ಬ್ರೇಕ್ ಹಿಡಿದರೆ ಅಷ್ಟೂ ಬಿಸಿ ನಾಲ್ಕು ಸೆಕೆಂಡಿನೊಳಗೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಗಳಿಗೆ, ಅಂದರೆ ಡಿಸ್ಕುಗಳಿಗೆ, ಇಳಿಯುತ್ತದೆ, ಪ್ರತಿ ಲ್ಯಾಪಿನಲ್ಲೂ ಹಲವು ಸಲ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನ ಮೂಲಕ ಆ ಬಿಸಿ ಬ್ರೇಕ್ ಆಯಿಲಿಗೂ ಮುಟ್ಟುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದ್ದರಿಂದ, ತೇವ ಸೇರಿದ ಆಯಿಲಿಗೆ ಅದೇ ನಿಯಮ ಹಾಕಿರುವ ಕನಿಷ್ಠ ಮಟ್ಟ ಕೇವಲ 155 ಡಿಗ್ರಿ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ ಬ್ರೇಕಿಗೆ ತಲುಪುವುದೇ ಇಲ್ಲ.

ನನಗೆ ಆದದ್ದು ಇದೇ. ಕಾರನ್ನು ಸರ್ವಿಸ್ ಮಾಡಿಸಿದ್ದ ಕಡೆ ಬ್ರೇಕ್ ಆಯಿಲ್ ಬದಲಾಯಿಸಿದ್ದಾಗಿ ಬಿಲ್ಲಿನಲ್ಲಿ ಬರೆದಿತ್ತು. ನಾನು ಕಣ್ಣಾರೆ ನೋಡಿರಲಿಲ್ಲ, ಮುಚ್ಚಳ ತೆಗೆದು ಬಣ್ಣವನ್ನೂ ಪರೀಕ್ಷಿಸಲಿಲ್ಲ. ಆರನೆಯ ಲ್ಯಾಪಿನಲ್ಲಿ ಪೆಡಲ್ ಸ್ವಲ್ಪ ಉದ್ದವಾಯಿತು ಅನ್ನಿಸಿತು. ಸುಟ್ಟ ಪ್ಯಾಡಿನ ಕಮಟು ವಾಸನೆಯೂ ಬಂತು. ಅಲ್ಲೇ ನಿಧಾನಿಸಿ, ಟ್ರ್ಯಾಕಿನ ಬದಿಯಲ್ಲಿ ಕಾರು ನಿಲ್ಲಿಸುವ ಪಿಟ್ಟಿಗೆ ಬರಬೇಕಿತ್ತು. ಇನ್ನೊಂದು ಲ್ಯಾಪ್ ಎಂದುಕೊಂಡೆ. ಉದ್ದನೆಯ ನೇರದ ಕೊನೆಯಲ್ಲಿ ಪೆಡಲ್ ಒತ್ತಿದರೆ ಕಾಲು ಹತ್ತಿಯ ಮೇಲಿಟ್ಟಂತೆ ನೆಲದವರೆಗೂ ಇಳಿದುಹೋಯಿತು. ಎರಡು ಸಲ ಜೋರಾಗಿ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸುತ್ತಾ, ತಿರುವಿನ ಹೊರಗಿನ ಡಾಂಬರು ಬಯಲಿಗೆ ಕಾರನ್ನು ನೇರವಾಗಿ ಬಿಟ್ಟುಕೊಟ್ಟೆ. ಟೈರ್ ಗೋಡೆಗೆ ಇನ್ನೂ ಒಂದಷ್ಟು ದೂರವಿರುವಂತೆ ನಿಂತಿತು. ಆಮೇಲೆ ತೆಗೆಸಿದ ಆಯಿಲ್ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಬಿಲ್ಲಿನಲ್ಲಿ ಬರೆದವರನ್ನು ದೂರಬಹುದು. ಆದರೆ ಪೆಡಲ್ ಮೊದಲೇ ಹೇಳಿದ್ದನ್ನು ಕೇಳಿಸಿಕೊಳ್ಳದಿದ್ದವನು ನಾನು. ಅಂದಿನಿಂದ ಟ್ರ್ಯಾಕಿಗೆ ಹೋಗುವ ಮುನ್ನ ಆಯಿಲನ್ನು ನನ್ನ ಕಣ್ಣೆದುರೇ ಬದಲು ಮಾಡಿಸುತ್ತೇನೆ. ಕೊನೆಯ ಲ್ಯಾಪನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ ಡಿಸ್ಕುಗಳನ್ನು ತಣಿಸುತ್ತೇನೆ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡುತ್ತೇನೆ.

ಇನ್ನು, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡುವ ಸಂಗತಿ ಬೇರೆಯೇ ಇದೆ. ಒಂದೆರಡು ದಿನ ಟ್ರ್ಯಾಕಿನಲ್ಲಿ ಓಡಿಸಿದವರು ಆ ಧೈರ್ಯವನ್ನು ರಸ್ತೆಗೆ ಹೊತ್ತೊಯ್ಯುತ್ತಾರೆ. ಟ್ರ್ಯಾಕಿನಲ್ಲಿ ಕಾರು ಹಾಗೆ ಹಿಡಿದದ್ದಕ್ಕೆ ಕಾರಣಗಳಿದ್ದವು: ಟೈರು ಬಿಸಿಯಾಗಿ ಮೆತ್ತಗಾಗಿತ್ತು, ನೆಲ ಗುಡಿಸಿದಂತಿತ್ತು, ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಟ್ರ್ಯಾಕಿಗಾಗಿ ಮಾಡಿದ, ತೋಡುಗಳು ಕಡಿಮೆಯಿರುವ ಟೈರುಗಳು ಬಿಸಿಯಾಗುವವರೆಗೂ ಸಾಮಾನ್ಯ ಟೈರಿಗಿಂತ ಕಡಿಮೆ ಹಿಡಿಯಬಹುದು. ನಿಂತ ನೀರಿನ ಮೇಲಂತೂ ನೀರನ್ನು ಹೊರತಳ್ಳಲು ದಾರಿಯಿಲ್ಲದೆ ಬೇಗನೆ ತೇಲಿಬಿಡುತ್ತವೆ. ರಸ್ತೆಯ ವೇಗದಲ್ಲಿ ಅವು ಆ ಬಿಸಿಗೆ ಬರುವುದೇ ಅಪರೂಪ. ಜೊತೆಗೆ, ಟ್ರ್ಯಾಕಿನಲ್ಲಿ ಬಿಸಿಗೆ ಗಾಳಿಯ ಒತ್ತಡ ಏರುತ್ತದೆಂದು ಮೊದಲೇ ಗಾಳಿ ಇಳಿಸಿರುತ್ತಾರೆ. ಮನೆಗೆ ಹೊರಡುವ ಮೊದಲು ಮತ್ತೆ ತುಂಬಿಸಬೇಕೆಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಟೈರಿನ ವಯಸ್ಸನ್ನೂ ಯಾರೂ ನೋಡುವುದಿಲ್ಲ. ವಾರಕ್ಕೊಮ್ಮೆಯೂ ಹೊರಬರದ ಇಂಥ ಕಾರುಗಳಲ್ಲಿ ತೋಡು ಹೊಸದರಂತೆಯೇ ಇರುತ್ತದೆ, ರಬ್ಬರು ಮಾತ್ರ ಒಳಗೊಳಗೇ ಗಟ್ಟಿಯಾಗಿರುತ್ತದೆ. ನಟ ಪಾಲ್ ವಾಕರ್ 2013ರ ನವೆಂಬರಿನಲ್ಲಿ ಸ್ನೇಹಿತರ ಪಕ್ಕದಲ್ಲಿ ಕುಳಿತು ಹೋಗುತ್ತಿದ್ದಾಗ ಸತ್ತ ಅಪಘಾತದಲ್ಲಿ, ಗಂಟೆಗೆ 45 ಮೈಲಿ ಮಿತಿಯಿದ್ದ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತು ಎಂದು ತನಿಖೆ ಹೇಳಿತು. ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು ಎಂಬುದನ್ನೂ ಅದು ದಾಖಲಿಸಿತು. ಓಡಿಸುತ್ತಿದ್ದವರು ರೇಸಿನ ಅನುಭವವಿದ್ದವರೇ. ಆ ಕಾರಿನ ಮಟ್ಟಿಗೆ 93 ಮೈಲಿ, ಅಂದರೆ ಸುಮಾರು 150 ಕಿ.ಮೀ., ದೊಡ್ಡ ವೇಗವೇನಲ್ಲ. ಆ ರಸ್ತೆಯ ಮಟ್ಟಿಗೆ ದೊಡ್ಡದಾಗಿತ್ತು.

ಟ್ರ್ಯಾಕಿನಿಂದ ರಸ್ತೆಗೆ ತರಬೇಕಾದದ್ದು ಇದೆ, ಅದು ಕಣ್ಣು. ಹೊಸಬರು ಬಾನೆಟ್ಟಿನ ಮುಂದಿನ ಹತ್ತು ಮೀಟರನ್ನೇ ನೋಡುತ್ತಾರೆ. ಅವರಿಗೆ ನಾನು ಮೊದಲು ಕಲಿಸುವುದು ಗಲ್ಲ ಎತ್ತಿ, ತಿರುವಿನ ಆಚೆಯ ಕೊನೆಯನ್ನು ನೋಡುವುದನ್ನು. ಕಣ್ಣು ಹೋದಲ್ಲಿಗೆ ಕೈ ಹೋಗುತ್ತದೆ, ಕಾರೂ ಹೋಗುತ್ತದೆ. ಜಾರಿದ ಗಳಿಗೆಯಲ್ಲಿ ಗೋಡೆಯನ್ನು ನೋಡಿದವನು ಗೋಡೆಗೇ ಹೋಗುತ್ತಾನೆ, ತೆರಪನ್ನು ನೋಡಿದವನು ಬಹುಮಟ್ಟಿಗೆ ತೆರಪಿಗೆ ಹೋಗುತ್ತಾನೆ. ಇದರ ಜೊತೆಗೆ ಸೀಟಿನಲ್ಲಿ ಸರಿಯಾಗಿ ಕೂರುವುದು, ಕೈಯಲ್ಲಿ ಬಿಗಿತವಿಲ್ಲದಿರುವುದು, ನಿಜವಾದ ತುರ್ತಿನಲ್ಲಿ ಬ್ರೇಕನ್ನು ಅಂಜದೆ ಪೂರ್ತಿ ಒತ್ತುವುದು. ಪೂರ್ತಿ ಬ್ರೇಕ್ ಒತ್ತಿದರೆ ಎಬಿಎಸ್ಸಿನಿಂದ ಪೆಡಲ್ ಕಾಲಿನಡಿ ಹೇಗೆ ನಡುಗುತ್ತದೆ ಎಂಬುದು ಜೀವನದಲ್ಲಿ ಒಮ್ಮೆಯೂ ತಿಳಿಯದವರು, ನಿಜವಾಗಿ ಅಗತ್ಯ ಬಿದ್ದ ದಿನ ಆ ನಡುಕಕ್ಕೆ ಹೆದರಿ ಕಾಲನ್ನು ಸಡಿಲಿಸಿಬಿಡುತ್ತಾರೆ. ಈ ಪಾಠಕ್ಕೆ ದೊಡ್ಡ ಕಾರೂ ಬೇಕಿಲ್ಲ, ದೊಡ್ಡ ವೇಗವೂ ಬೇಕಿಲ್ಲ.

ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನ ಹಳೆಯ ಸುತ್ತಿನಲ್ಲಿ ಯಾರು ಬೇಕಾದರೂ ಹಣ ಕೊಟ್ಟು ಓಡಿಸಬಹುದಲ್ಲ ಎಂದು ನನ್ನ ಶಿಷ್ಯರು ಆಗಾಗ ಕೇಳುತ್ತಾರೆ. 1927ರಲ್ಲಿ ತೆರೆದ, ಈಗ 20.8 ಕಿ.ಮೀ. ಉದ್ದವಿರುವ ಆ ಸುತ್ತಿನಲ್ಲೇ 1976ರ ಆಗಸ್ಟ್ 1ರಂದು ಫಾರ್ಮುಲಾ 1 ಚಾಲಕ ನಿಕಿ ಲೌಡಾ ಅವರ ಕಾರು ಉರಿದದ್ದು. ಮುಂದಿನ ವರ್ಷದಿಂದ ಫಾರ್ಮುಲಾ 1 ಆ ಸುತ್ತಿಗೆ ಮರಳಲೇ ಇಲ್ಲ. ಸಾರ್ವಜನಿಕರಿಗೆ ತೆರೆದ ದಿನಗಳಲ್ಲಿ ಅದು ಕಾನೂನಿನ ಕಣ್ಣಿಗೆ ಒಂದೇ ದಿಕ್ಕಿನ ಶುಲ್ಕದ ರಸ್ತೆ. ಅಲ್ಲಿ ಲ್ಯಾಪಿನ ಸಮಯ ಅಳೆಯುವುದಕ್ಕೂ ನಿಷೇಧವಿದೆ. ಅಷ್ಟು ಪ್ರಸಿದ್ಧ ಟ್ರ್ಯಾಕು ಕೂಡ, ರಸ್ತೆಯಾಗಿ ತೆರೆದ ದಿನ ರಸ್ತೆಯ ನಿಯಮಕ್ಕೇ ಒಳಪಡುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಸ್ಪೋರ್ಟ್ಸ್ ಕಾರುಗಳ ವಿಮರ್ಶೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಆ ಪುಟವನ್ನು ನಾನು ಮೊದಲು ತೆರೆಯುವವರಲ್ಲಿ ಒಬ್ಬ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಮುಟ್ಟಿದ ವೇಗವನ್ನು ಸಾಧನೆಯೆಂಬಂತೆ ಬರೆಯುವುದನ್ನೂ ಸ್ಪೀಡೋಮೀಟರಿನ ಅಂಥ ಚಿತ್ರಗಳನ್ನೂ ಕೈಬಿಡಿ. ಕಾರನ್ನು ಓಡಿಸಿ ನೋಡಿದ್ದು ರಸ್ತೆಯಲ್ಲೋ ಟ್ರ್ಯಾಕಿನಲ್ಲೋ ಎಂಬುದನ್ನು ಲೇಖನದ ಆರಂಭದಲ್ಲೇ ತಿಳಿಸಿ. ರಸ್ತೆಯ ಮಾತಾದರೆ, ಮುಂಗಾಜಿನ ಕಂಬಗಳು ಎಷ್ಟು ನೋಟವನ್ನು ಮರೆಮಾಡುತ್ತವೆ, ಒದ್ದೆ ನೆಲದಲ್ಲಿ ಬ್ರೇಕ್ ಹೇಗೆ ಹಿಡಿಯುತ್ತದೆ, ತಗ್ಗು ದಿಣ್ಣೆಗಳ ಮೇಲೆ ಚಕ್ರ ನೆಲ ಬಿಡುತ್ತದೆಯೋ ಇಲ್ಲವೋ ಇಂಥವನ್ನು ಬರೆಯಿರಿ. ಕಾರು ಕೊಂಡವರಿಗೆ ದಿನವೂ ಬೇಕಾಗುವುದು ಅವೇ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದರ ಪಕ್ಕದಲ್ಲೇ ನೂರರಿಂದ ಸೊನ್ನೆಗೆ ಎಷ್ಟು ಮೀಟರು ಎಂಬುದನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.

ತಮ್ಮ ವಿಮರ್ಶಕರಿಗೆ ಅದೇ ಕಾರು ಇನ್ನೊಮ್ಮೆ ಸಿಗುವುದಾದರೆ, ಒಂದು ದಿನ ಅದನ್ನು ಟ್ರ್ಯಾಕಿಗೆ ತರಲಿ. ಹೆಲ್ಮೆಟ್ ಹಾಕಿಕೊಂಡು, ಹೊಸ ಬ್ರೇಕ್ ಆಯಿಲ್ ತುಂಬಿಸಿಕೊಂಡು, ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿಸಲಿ. ಮೊದಲ ಲ್ಯಾಪಿನಲ್ಲಿ ಪೆಡಲ್ ಹೇಗಿತ್ತು, ಆರನೆಯದರಲ್ಲಿ ಹೇಗಾಯಿತು, ಟೈರು ಎಷ್ಟು ಹೊತ್ತಿಗೆ ಸೋಲತೊಡಗಿತು, ಸೋಲುವ ಮೊದಲು ಸ್ಟೀರಿಂಗಿನಲ್ಲಿ ಏನು ಸುಳಿವು ಕೊಟ್ಟಿತು ಎಂಬುದನ್ನೆಲ್ಲ ಬರೆಯಲಿ. ಆ ಲೇಖನಕ್ಕಾಗಿ ಕಾಯುತ್ತಿರುತ್ತೇನೆ.

ಇತಿ ನಮಸ್ಕಾರಗಳೊಂದಿಗೆ,
ತಮ್ಮ ಪತ್ರಿಕೆಯ ಬಹುಕಾಲದ ಓದುಗ